ಜೀವಕೋಶದ ಬಾಗಿಲೂ ನಮ್ಮ ಕಾಫಿ ಲೋಟವೂ



ಚಿಕ್ಕಬಾಣಾವರದ ಕಡೆಯಿಂದ ಪೀಣ್ಯದ ಕಾರ್ಖಾನೆಗಳಿಗೆ ರಾತ್ರಿ ಪಾಳಿಗೆ ಹೋಗುವವರು ನಿಮ್ಮಲ್ಲಿ ಕೆಲವರಾದರೂ ಇದ್ದೀರಿ. ನಡುರಾತ್ರಿ ಕಣ್ಣು ಎಳೆಯುವಾಗ ಒಂದು ಲೋಟ ಕಾಫಿ ಕುಡಿದರೆ ಮೈಗೆ ಶಕ್ತಿ ಬಂದಂತಾಗುತ್ತದೆ. ಆ ಶಕ್ತಿ ಎಲ್ಲಿಂದ ಬಂತು? ಹಾಲು, ಸಕ್ಕರೆಗಳನ್ನು ಬಿಟ್ಟರೆ ಬರೀ ಡಿಕಾಕ್ಷನ್ನಿನಲ್ಲಿ ಶಕ್ತಿ ಎನ್ನುವಂಥದ್ದು ಇಲ್ಲವೆನ್ನುವಷ್ಟು ಕಡಿಮೆ. ಈ ಸಣ್ಣ ಪ್ರಶ್ನೆಯ ಬೆನ್ನು ಹತ್ತಿದರೆ 20ನೆಯ ಶತಮಾನದ ಜೀವವಿಜ್ಞಾನದ ಒಂದು ದೀರ್ಘ ವ್ಯಾಜ್ಯ ಎದುರಾಗುತ್ತದೆ. ಅದರ ತೀರ್ಪು ಇಂದು ಹೃದಯ ರೋಗಿಯ ಮಾತ್ರೆಯ ಡಬ್ಬಿಯಲ್ಲಿದೆ.

ಕಾಫಿ ನಮ್ಮ ನಾಡಿಗೆ ಬಂದ ಕಥೆ ಎಲ್ಲರಿಗೂ ತಿಳಿದದ್ದೇ. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್ನಿನ ಮೋಕಾದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಗಳಲ್ಲಿ ಬಿತ್ತಿದರೆಂಬುದು ಪ್ರತೀತಿ. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವನ್ನು ತೆರೆಯಿತು. ಗಿಡಕ್ಕೆ ಬರುವ ರೋಗದ ಅಧ್ಯಯನ ಅಲ್ಲಿ ನಡೆಯಿತು. ಆದರೆ ಕುಡಿದವನ ಮೆದುಳಿನಲ್ಲಿ ಕಾಫಿ ಏನು ಮಾಡುತ್ತದೆ ಎಂಬುದು ಆಗ ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜರ್ಮನಿಯ ರಸಾಯನ ವಿಜ್ಞಾನಿ ರುಂಗೆ 1819ರಲ್ಲೇ ಕೆಫೀನನ್ನು ಬೇರ್ಪಡಿಸಿದ್ದರು. ವಸ್ತು ಕೈಗೆ ಸಿಕ್ಕಿತ್ತು. ಅದರ ಕೆಲಸ ತಿಳಿಯಲು ಮತ್ತೆ 150 ವರ್ಷ ಹಿಡಿಯಿತು.

ಈ ಕಥೆಯಲ್ಲಿ 1929 ಒಂದು ವಿಶೇಷ ವರ್ಷ. ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯಶಿಕ್ಷಣ ಪಡೆದು ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರು, ಹಾರ್ವರ್ಡಿನಲ್ಲಿ ಫಿಸ್ಕೆ ಅವರೊಡನೆ ಸ್ನಾಯುವಿನಿಂದ ಎಟಿಪಿ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಲೋಮನ್ ಕೂಡ ಪ್ರತ್ಯೇಕವಾಗಿ ಅದನ್ನು ಕಂಡುಹಿಡಿದರು. ಸ್ನಾಯು ಎಳೆಯಲಿ, ನರ ಮಿಡಿಯಲಿ, ಜೀವಕೋಶ ಖರ್ಚು ಮಾಡುವುದು ಎಟಿಪಿಯನ್ನೇ ಎಂದು ಮುಂದೆ ತಿಳಿಯಿತು. ಅದರ ಫಾಸ್ಫೇಟುಗಳು ಒಂದೊಂದಾಗಿ ಕಳಚಿದರೆ ಎಡಿಪಿ, ಎಎಂಪಿಗಳಾಗಿ, ಕೊನೆಗೆ ಉಳಿಯುವುದು ಅಡೆನೋಸಿನ್. ಇವೆಲ್ಲವುಗಳ ತಿರುಳಿನಲ್ಲಿರುವುದು ಪ್ಯೂರಿನ್ ಎಂಬ ಉಂಗುರ. ಕೆಫೀನ್ ಕೂಡ ಇದೇ ಮನೆತನದ್ದು ಎಂಬುದನ್ನು ನೆನಪಿಡಿ.

ಅದೇ 1929ರಲ್ಲಿ ಡ್ರೂರಿ ಮತ್ತು ಸೆಂಟ್ ಜಾರ್ಜಿ ಎಂಬ ವಿಜ್ಞಾನಿಗಳು ಕೇಂಬ್ರಿಡ್ಜಿನಲ್ಲಿ ಇನ್ನೊಂದು ಸಂಗತಿಯನ್ನು ಕಂಡರು. ಈ ಬಗೆಯ ವಸ್ತುಗಳನ್ನು ಪ್ರಾಣಿಯ ರಕ್ತಕ್ಕೆ ಸೇರಿಸಿದರೆ ಹೃದಯದ ಬಡಿತ ನಿಧಾನವಾಗುತ್ತಿತ್ತು. ಅಂದರೆ ಕೋಶದ ಒಳಗಿನ ಇಂಧನದ ಸಂಸಾರಕ್ಕೆ ಸೇರಿದ ವಸ್ತು, ಹೊರಗೆ ಬಂದಾಗ ಸಂದೇಶವಾಹಕವಾಗುತ್ತದೆಯೇ? ಈ ಸುಳಿವನ್ನು ದಶಕಗಳ ಕಾಲ ಹೆಚ್ಚಿನವರು ಲಕ್ಷಿಸಲಿಲ್ಲ.

ಲಕ್ಷಿಸಿದವರು ಜೆಫ್ರಿ ಬರ್ನ್‌ಸ್ಟಾಕ್. ಅವರು ಲಂಡನ್ನಿನಲ್ಲಿ ಹುಟ್ಟಿದ್ದೂ 1929ರಲ್ಲೇ. 1960ರ ದಶಕದಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಗಿನಿಯಿಲಿಯ ಕರುಳಿನ ಸ್ನಾಯುವಿನ ಮೇಲೆ ಪ್ರಯೋಗ ಮಾಡುತ್ತಿದ್ದಾಗ, ಆಗ ಗೊತ್ತಿದ್ದ ಎರಡು ಮುಖ್ಯ ನರಸಂದೇಶಗಳನ್ನು ಔಷಧಿಯಿಂದ ತಡೆದರು. ಆದರೂ ನರವನ್ನು ಕೆಣಕಿದಾಗ ಸ್ನಾಯು ಸ್ಪಂದಿಸಿತು. ಹಾಗಾದರೆ ಮೂರನೆಯದೊಂದು ಇರಲೇಬೇಕು. ಅದು ಎಟಿಪಿ ಎಂದು ವಾದಿಸಿದ ಅವರು, 1972ರಲ್ಲಿ ಅಂಥ ನರಗಳಿಗೆ ಪ್ಯೂರಿನರ್ಜಿಕ್ ಎಂಬ ಹೆಸರಿಟ್ಟರು.

ಬಹುಪಾಲು ವಿದ್ವಾಂಸರು ಒಪ್ಪಲಿಲ್ಲ. ಕಣಜದಲ್ಲಿ ಜೋಪಾನವಾಗಿಟ್ಟ ರಾಗಿಯನ್ನು ಯಾರಾದರೂ ಬೀದಿಗೆ ಚೆಲ್ಲುತ್ತಾರೆಯೇ ಎಂಬ ಧಾಟಿ ಅವರದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಂದೇಶಕ್ಕೆ ಬೇಕಾದದ್ದು ಮೂಟೆಯಲ್ಲ, ಒಂದು ಹಿಡಿ; ಅದನ್ನು ಕೂಡಲೇ ಗುಡಿಸಿ ಹಾಕುವ ಕಿಣ್ವಗಳೂ ಕೋಶದ ಹೊರಗೆ ಸಿದ್ಧವಾಗಿವೆ. ಇನ್ನು ಸಂದೇಶವೆಂದರೆ ಅದನ್ನು ಹಿಡಿಯುವವರು ಬೇಕಲ್ಲ. ಜೀವಕೋಶದ ಹೊದಿಕೆಯಲ್ಲಿರುವ ಈ ಪ್ರೋಟೀನುಗಳಿಗೆ ರಿಸೆಪ್ಟರ್ ಎನ್ನುತ್ತಾರೆ. ಕನ್ನಡದಲ್ಲಿ ಗ್ರಾಹಕ ಎಂದರೆ ಅಂಗಡಿಯ ಗಿರಾಕಿಯೂ ಆದಾನು. ಆದ್ದರಿಂದ ಇಲ್ಲಿ ಗ್ರಾಹಿ ಎನ್ನೋಣ. 1978ರಲ್ಲಿ ಬರ್ನ್‌ಸ್ಟಾಕ್ ಅಡೆನೋಸಿನ್ನಿನ ಗ್ರಾಹಿಗಳು ಬೇರೆ, ಎಟಿಪಿ ಮತ್ತು ಎಡಿಪಿಗಳ ಗ್ರಾಹಿಗಳು ಬೇರೆ ಎಂದು ವಿಂಗಡಿಸಿದರು. 1990ರ ದಶಕದ ಆರಂಭದಲ್ಲಿ ಈ ಗ್ರಾಹಿಗಳ ವಂಶವಾಹಿಗಳೇ ಒಂದೊಂದಾಗಿ ಕೈಗೆ ಸಿಕ್ಕಾಗ ವ್ಯಾಜ್ಯ ಮುಗಿಯಿತು. ಇಂದು ಅಡೆನೋಸಿನ್ನಿಗೆ 4, ಉಳಿದವಕ್ಕೆ 15 ಬಗೆಯ ಗ್ರಾಹಿಗಳು ಗೊತ್ತಿವೆ. ಬರ್ನ್‌ಸ್ಟಾಕ್ 2020ರಲ್ಲಿ ತೀರಿಕೊಂಡರು. ತಮ್ಮ ಮಾತು ಗೆದ್ದದ್ದನ್ನು ಕಣ್ಣಾರೆ ಕಂಡರು.

ಈಗ ಕಾಫಿಗೆ ಬರೋಣ. 1970ರಲ್ಲಿ ಸ್ಯಾಟಿನ್ ಮತ್ತು ರಾಲ್ ಎಂಬ ಅಮೆರಿಕದ ಸಂಶೋಧಕರು, ಮೆದುಳಿನ ತುಣುಕುಗಳ ಮೇಲೆ ಅಡೆನೋಸಿನ್ ಮಾಡುವ ಪರಿಣಾಮವನ್ನು ಕೆಫೀನ್ ತಡೆಯುತ್ತದೆಂದು ತೋರಿಸಿದರು. ಮೆದುಳು ಎಚ್ಚರವಾಗಿದ್ದು ದುಡಿದಷ್ಟೂ ಅಡೆನೋಸಿನ್ ಶೇಖರವಾಗುತ್ತದೆ. ಅದು ತನ್ನ ಗ್ರಾಹಿಗಳಲ್ಲಿ ಹೋಗಿ ಕುಳಿತು "ಇನ್ನು ಸಾಕು, ಮಲಗು" ಎನ್ನುತ್ತದೆ. ಕೆಫೀನ್ ಅದೇ ಜಾಗದಲ್ಲಿ ಮೊದಲೇ ಟವೆಲ್ ಹಾಸಿ ಕುಳಿತುಬಿಡುತ್ತದೆ, ಆದರೆ ಏನೂ ಹೇಳುವುದಿಲ್ಲ. ದಣಿವು ಹೋಗಿಲ್ಲ, ದಣಿವಿನ ಸುದ್ದಿ ಮಾತ್ರ ತಲುಪಿಲ್ಲ. ಕೆಫೀನ್ ಎದ್ದು ಹೋದೊಡನೆ ಕಾದಿದ್ದ ಅಡೆನೋಸಿನ್ ಒಟ್ಟಿಗೇ ನುಗ್ಗುತ್ತದೆ. ಸಾಮಾನ್ಯವಾಗಿ ಕುಡಿದ ಕೆಫೀನಿನ ಅರ್ಧ ಪಾಲು ಕರಗಲು ಸುಮಾರು 5 ಗಂಟೆ ಬೇಕು. ಬೆಳಗಿನ ಜಾವ ನಾಲ್ಕಕ್ಕೆ ಕುಡಿದ ಕಾಫಿ, ಒಂಬತ್ತಕ್ಕೆ ನೀವು ಮನೆಯಲ್ಲಿ ತಲೆದಿಂಬಿಗೆ ತಲೆಯಿಟ್ಟಾಗಲೂ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಹಗಲು ನಿದ್ದೆ ಕೆಡುತ್ತದೆ, ಮರುದಿನ ಇನ್ನೊಂದು ಲೋಟ ಬೇಕಾಗುತ್ತದೆ. ಕಾಫಿ ಬಿಡಿ ಎಂದು ಹೇಳುತ್ತಿಲ್ಲ. ಪಾಳಿಯ ಮೊದಲರ್ಧದಲ್ಲಿ ಕುಡಿಯುವುದು ಮೇಲು.

ಆಸ್ಪತ್ರೆಯಲ್ಲಿ ಇದೇ ವಿದ್ಯೆ ಬೇರೆ ರೂಪದಲ್ಲಿ ಬಳಕೆಯಲ್ಲಿದೆ. ಕೆಲವು ಬಗೆಯ ಅತಿವೇಗದ ಹೃದಯ ಬಡಿತವನ್ನು ಹತೋಟಿಗೆ ತರಲು ವೈದ್ಯರು ಅಡೆನೋಸಿನ್ ಚುಚ್ಚುಮದ್ದು ಕೊಡುತ್ತಾರೆ. ಅದು ರಕ್ತದಲ್ಲಿ ಉಳಿಯುವುದು ಕೆಲವೇ ಸೆಕೆಂಡು. 1929ರಲ್ಲಿ ಕೇಂಬ್ರಿಡ್ಜಿನಲ್ಲಿ ಕಂಡದ್ದೇ ಇಲ್ಲಿ ಚಿಕಿತ್ಸೆಯಾಗಿದೆ. ಅಡೆನೋಸಿನ್ ಕೊಟ್ಟು ಹೃದಯವನ್ನು ಪರೀಕ್ಷಿಸುವಾಗ, ಹಿಂದಿನ ದಿನದಿಂದಲೇ ಕಾಫಿ, ಟೀ ಬೇಡವೆನ್ನುವುದು ಏಕೆಂದು ಈಗ ನಿಮಗೇ ಹೊಳೆದಿರಬಹುದು.

ಎಲ್ಲಕ್ಕಿಂತ ಹೆಚ್ಚು ಜನರನ್ನು ಮುಟ್ಟಿರುವುದು ಕ್ಲೋಪಿಡೋಗ್ರೆಲ್ ಎಂಬ ಮಾತ್ರೆ. ರಕ್ತನಾಳಕ್ಕೆ ಪೆಟ್ಟಾದಾಗ ಪ್ಲೇಟ್‌ಲೆಟ್‌ಗಳು ಎಡಿಪಿಯನ್ನು ಹೊರಚೆಲ್ಲಿ ಉಳಿದ ಪ್ಲೇಟ್‌ಲೆಟ್‌ಗಳನ್ನು ಕರೆಯುತ್ತವೆ. ಅವು ಗುಂಪುಗೂಡಿ ರಕ್ತ ಹೆಪ್ಪುಗಟ್ಟುತ್ತದೆ. ಈ ಕರೆಯನ್ನು ಕೇಳುವ ಗ್ರಾಹಿಗೆ ಪಿ2ವೈ12 ಎಂದು ಹೆಸರು. ಅದಕ್ಕೆ ಬೀಗ ಹಾಕುವುದೇ ಕ್ಲೋಪಿಡೋಗ್ರೆಲ್ ಕೆಲಸ. ಸ್ವಾರಸ್ಯವೆಂದರೆ ಅಮೆರಿಕದಲ್ಲಿ ಮಾತ್ರೆಗೆ ಅನುಮತಿ ಸಿಕ್ಕಿದ್ದು 1997ರಲ್ಲಿ. ಗ್ರಾಹಿಯ ವಂಶವಾಹಿ ಪತ್ತೆಯಾದದ್ದು 2001ರಲ್ಲಿ. ಬಾಗಿಲು ಯಾವುದೆಂದು ತಿಳಿಯುವ ಮೊದಲೇ ಬೀಗ ಸಿದ್ಧವಾಗಿತ್ತು.

ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಜೊತೆಗೆ ಈ ಜಾತಿಯ ಮಾತ್ರೆಯನ್ನು ತಿಂಗಳುಗಟ್ಟಲೆ ಕೊಡುತ್ತಾರೆ. ಎದೆನೋವು ಹೋಯಿತೆಂದೋ, ಕೈಯಲ್ಲಿ ಕಾಸಿಲ್ಲವೆಂದೋ, ಹಲ್ಲು ಕೀಳಿಸಬೇಕೆಂದೋ ತಾವಾಗಿಯೇ ನಿಲ್ಲಿಸಿಬಿಡುವವರಿದ್ದಾರೆ. ನಿಲ್ಲಿಸಿದ ಕೆಲವೇ ದಿನಗಳಲ್ಲಿ ಬೀಗವಿಲ್ಲದ ಹೊಸ ಪ್ಲೇಟ್‌ಲೆಟ್‌ಗಳು ಬರುತ್ತವೆ. ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಅಪಾಯ. ಜನೌಷಧಿ ಕೇಂದ್ರಗಳಲ್ಲಿ ಈ ಮಾತ್ರೆ ಕಡಿಮೆ ಬೆಲೆಗೆ ಸಿಗುತ್ತದೆ. ನಿಮ್ಮ ಮನೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡವರಿದ್ದರೆ, ಮಾತ್ರೆ ತಪ್ಪುತ್ತಿದೆಯೇ ಎಂದು ಇವತ್ತೇ ಒಮ್ಮೆ ವಿಚಾರಿಸಿ. ನಿಲ್ಲಿಸುವ ಮಾತು ಬಂದರೆ ಹೃದಯದ ವೈದ್ಯರನ್ನು ಕೇಳಿಯೇ ಮುಂದಿನ ಹೆಜ್ಜೆ ಇಡಿ.