ಶೇಕಡಾ ಇಂಪೀಡೆನ್ಸ್: ಕೊರತೆಯೇ ಕಾವಲಾದ ಕಥೆ

ಹೊರೆ ಹೆಚ್ಚಿದಂತೆ ವೋಲ್ಟೇಜ್ ಇಳಿಯುವುದು ಟ್ರಾನ್ಸ್‌ಫಾರ್ಮರಿನ ಹುಟ್ಟುಗುಣ. 1880ರ ದಶಕದಲ್ಲಿ ಆರಂಭಿಕ ಟ್ರಾನ್ಸ್‌ಫಾರ್ಮರುಗಳನ್ನು ರೂಪಿಸಿದ ಗೊಲಾರ್ ಮತ್ತು ಗಿಬ್ಸ್ ಅವುಗಳನ್ನು ಸರಣಿಯಲ್ಲಿ ಜೋಡಿಸುತ್ತಿದ್ದರು. ಒಂದು ಕಡೆ ದೀಪ ಆರಿಸಿದರೆ ಉಳಿದ ಕಡೆಯೂ ವೋಲ್ಟೇಜ್ ಏರುಪೇರಾಗುತ್ತಿತ್ತು. 1885ರಲ್ಲಿ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯ ಜಿಪರ್ನೊವ್‌ಸ್ಕಿ, ಬ್ಲಾಥಿ ಮತ್ತು ಡೇರಿ ಮುಚ್ಚಿದ ಕಬ್ಬಿಣದ ತಿರುಳನ್ನೂ ಸಮಾಂತರ ಜೋಡಣೆಯನ್ನೂ ತಂದು ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿಸಿದರು. ಆದರೂ ತಂತಿಯ ರೋಧ ಉಳಿಯಿತು. ಒಂದು ಸುರುಳಿಯ ಕಾಂತಪ್ರವಾಹ ಇನ್ನೊಂದನ್ನು ಪೂರ್ತಿ ತಲುಪದೆ ಸೋರುವುದೂ ತಪ್ಪಲಿಲ್ಲ. ಇವೆರಡೂ ಸೇರಿ ಒಡ್ಡುವ ಅಡ್ಡಿಯೇ ಇಂಪೀಡೆನ್ಸ್.

ಇದನ್ನು ಅಳೆಯುವ ಕ್ರಮ ಸರಳ. ಸೆಕೆಂಡರಿ ತುದಿಗಳನ್ನು ಒಂದಕ್ಕೊಂದು ಬೆಸೆದು, ಪೂರ್ಣ ಕರೆಂಟ್ ಹರಿಯುವವರೆಗೆ ಪ್ರೈಮರಿಗೆ ಮೆಲ್ಲಗೆ ವೋಲ್ಟೇಜ್ ಏರಿಸಬೇಕು. 11,000 ವೋಲ್ಟಿನ ಟ್ರಾನ್ಸ್‌ಫಾರ್ಮರಿಗೆ 495 ವೋಲ್ಟ್ ಸಾಕಾದರೆ ಅದರ ಇಂಪೀಡೆನ್ಸ್ ಶೇ. 4.5. ಓಮ್‌ಗಳಲ್ಲಿ ಹೇಳಿದರೆ ಗೊಂದಲ: 100 ಕೆವಿಎ ಟ್ರಾನ್ಸ್‌ಫಾರ್ಮರಿನಲ್ಲಿ ಇದೇ ಇಂಪೀಡೆನ್ಸ್ 11 ಕೆವಿ ಕಡೆಯಿಂದ ಸುಮಾರು 54 ಓಮ್, 433 ವೋಲ್ಟಿನ ಕಡೆಯಿಂದ ಬರೀ 0.084 ಓಮ್. ಶೇಕಡಾ ಲೆಕ್ಕ ಮಾತ್ರ ಎರಡೂ ಕಡೆ ಒಂದೇ.

ಮೊದಲ ದಿನಗಳಲ್ಲಿ ಈ ಅಂಕಿ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದೆಂಬ ಭಾವನೆಯಿತ್ತು. ವಿದ್ಯುದಾಗಾರಗಳು ಚಿಕ್ಕವು, ದೀಪಗಳು ಮಂಕಾಗದಿದ್ದರೆ ಸಾಕಿತ್ತು. ದೂರದ ಸಾಗಣೆ ಈ ಚಿತ್ರವನ್ನು ಬದಲಿಸಿತು. 1891ರಲ್ಲಿ ಜರ್ಮನಿಯ ಲೌಫೆನ್‌ನಿಂದ ಫ್ರಾಂಕ್‌ಫರ್ಟಿಗೆ 175 ಕಿ.ಮೀ. ದೂರ ವಿದ್ಯುತ್ ಹರಿಯಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ಬಂತು. ಮುಂದಿನ ದಶಕಗಳಲ್ಲಿ ಜಗತ್ತಿನೆಲ್ಲೆಡೆ ವಿದ್ಯುದಾಗಾರಗಳು ಒಂದಕ್ಕೊಂದು ಕೂಡಿಕೊಂಡು ಜಾಲಗಳಾದವು. ಎಲ್ಲಾದರೂ ಶಾರ್ಟ್ ಸರ್ಕ್ಯೂಟ್ ಆದರೆ ಇಡೀ ಜಾಲದ ಬಲ ಅಲ್ಲಿಗೇ ನುಗ್ಗತೊಡಗಿತು.

ಆಗ ಇಂಪೀಡೆನ್ಸೇ ತಡೆಗೋಡೆಯಾಯಿತು. ಶೇ. 4.5 ಇದ್ದಾಗ, ಪೂರೈಕೆಯ ವೋಲ್ಟೇಜ್ ಕುಸಿಯದಿದ್ದರೆ, ಶಾರ್ಟ್ ಸರ್ಕ್ಯೂಟಿನ ಕರೆಂಟ್ ಪೂರ್ಣ ಕರೆಂಟಿನ 22 ಪಟ್ಟು. 100 ಕೆವಿಎ ಟ್ರಾನ್ಸ್‌ಫಾರ್ಮರಿನ 433 ವೋಲ್ಟಿನ ಕಡೆ 133 ಆಂಪಿಯರ್ ಇದ್ದದ್ದು ಸುಮಾರು 2,960ಕ್ಕೇರುತ್ತದೆ. ಸುರುಳಿಗಳನ್ನು ತಿರುಚುವ ಬಲ ಕರೆಂಟಿನ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಅದು ಸುಮಾರು 500 ಪಟ್ಟಾಗುತ್ತದೆ. ಹೀಗಾಗಿ ವಿನ್ಯಾಸಕಾರರು ದೊಡ್ಡ ಟ್ರಾನ್ಸ್‌ಫಾರ್ಮರುಗಳಲ್ಲಿ ಸುರುಳಿಗಳ ನಡುವಣ ಅಂತರವನ್ನು ಹೊಂದಿಸಿ ಬೇಕೆಂದೇ ಇಂಪೀಡೆನ್ಸ್ ಹೆಚ್ಚಿಸಿದರು. ಇಂದು ಅಂಥವುಗಳಲ್ಲಿ ಶೇ. 10ರಿಂದ 15 ಸಾಮಾನ್ಯ. ಅದಕ್ಕೆ ತೆರುವ ಬೆಲೆಯೆಂದರೆ ಹೊರೆ ಬಿದ್ದಾಗ ವೋಲ್ಟೇಜ್ ಇನ್ನಷ್ಟು ಇಳಿಯುವುದು. ಅದನ್ನು ಟ್ಯಾಪ್ ಬದಲಿಸಿ, ಅಂದರೆ ಸುರುಳಿಯ ಸುತ್ತುಗಳನ್ನು ಹೆಚ್ಚುಕಡಿಮೆ ಮಾಡಿ, ಸರಿದೂಗಿಸುತ್ತಾರೆ.

ಸಮಾಂತರ ಜೋಡಣೆಯಲ್ಲೂ ಈ ಅಂಕಿಯೇ ನಿರ್ಣಾಯಕ. ಒಂದೇ ಸಾಮರ್ಥ್ಯದ ಎರಡು ಟ್ರಾನ್ಸ್‌ಫಾರ್ಮರುಗಳಲ್ಲಿ ಒಂದಕ್ಕೆ ಶೇ. 4, ಇನ್ನೊಂದಕ್ಕೆ ಶೇ. 5 ಇದ್ದರೆ ಹೊರೆ 5:4ರಂತೆ ಹಂಚಿಹೋಗಿ ಮೊದಲನೆಯದೇ ಮುಂಚೆ ಕಾಯುತ್ತದೆ. ಒಂದು ಟ್ರಾನ್ಸ್‌ಫಾರ್ಮರಿಗೆ ಇನ್ನೊಂದನ್ನು ಜೊತೆಗೂಡಿಸುವಾಗ ನೇಮ್‌ಪ್ಲೇಟಿನಲ್ಲಿ ಕೆವಿಎ ಮಾತ್ರ ನೋಡಿದರೆ ಸಾಲದು, ಇಂಪೀಡೆನ್ಸನ್ನೂ ನೋಡಲೇಬೇಕು.