ಪಾದ್ರಿ ಮುಲ್ಲರರ ಔಷಧದ ಪೆಟ್ಟಿಗೆ



ಶತಮಾನೋತ್ಸವದ ಸ್ಮರಣ ಸಂಚಿಕೆಗಾಗಿ ಲೇಖನವೊಂದನ್ನು ಬರೆಯಬೇಕೆಂದು ಸಮಿತಿಯವರು ಕೇಳಿಕೊಂಡಾಗ, ನಮ್ಮ ಇಗರ್ಜಿಯ ಕಟ್ಟಡದ ಚರಿತ್ರೆಯನ್ನೇ ಬರೆಯೋಣವೆಂದು ಮೊದಲು ಭಾವಿಸಿದ್ದೆನು. ಆದರೆ ಕಲ್ಲು, ಸುಣ್ಣ, ಹಂಚುಗಳ ಲೆಕ್ಕವನ್ನು ಬೇರೆಯವರು ನನಗಿಂತ ಚೆನ್ನಾಗಿ ಬರೆದಿರುವರು. ಆದುದರಿಂದ ನಂತೂರಿನಿಂದ ಇಳಿದು, ಮಲ್ಲಿಕಟ್ಟೆ, ಬೆಂದೂರುಗಳನ್ನು ದಾಟಿ, ಕಂಕನಾಡಿಯವರೆಗೆ ನಿಮ್ಮನ್ನು ಕರೆದೊಯ್ಯಬೇಕೆಂದಿದ್ದೇನೆ. ಹೆಚ್ಚು ದೂರವೇನಿಲ್ಲ, ನಮ್ಮ ಹಿರಿಯರು ಮಗುವಿಗೆ ಜ್ವರ ಬಂದರೆ ಹೆಗಲ ಮೇಲೆ ಹೊತ್ತುಕೊಂಡು ನಡೆದೇ ಹೋಗುತ್ತಿದ್ದ ದಾರಿಯದು. ಎಲ್ಲಿಗೆಂದು ಕೇಳಿದರೆ 'ಪಾದ್ರಿ ಮುಲ್ಲರರಲ್ಲಿಗೆ' ಎನ್ನುವರು. ಮುಲ್ಲರರು ತೀರಿಹೋಗಿ ಎಷ್ಟೋ ದಶಕಗಳು ಕಳೆದ ಮೇಲೂ ಹಾಗೆಯೇ ಹೇಳುತ್ತಿದ್ದರು.

ಮಂಗಳೂರಿನ ಕಥೊಲಿಕರಿಗೆ ಆಸ್ತಿಯೆಂಬುದು ಎಷ್ಟು ಅಸ್ಥಿರವೆಂದು ಯಾರೂ ಪ್ರಸಂಗಮಾಡಿ ತಿಳಿಸಬೇಕಾಗಿಲ್ಲ. 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಹೋದ ನಮ್ಮ ಪೂರ್ವಜರು ಮನೆ, ಗದ್ದೆ, ತೋಟಗಳನ್ನೂ ಇಗರ್ಜಿಗಳನ್ನೂ ಒಮ್ಮೆಲೇ ಕಳೆದುಕೊಂಡರು. 1799ರ ನಂತರ ಮರಳಿ ಬಂದವರ ಕೈಯಲ್ಲಿ ಉಳಿದಿದ್ದುದು ಬಾಯಿಪಾಠವಾಗಿದ್ದ ಪ್ರಾರ್ಥನೆಗಳು ಮಾತ್ರವೆಂದರೆ ಹೆಚ್ಚು ಉತ್ಪ್ರೇಕ್ಷೆಯಾಗದು. ಆದರೆ ಮನುಷ್ಯನ ಮರೆವು ದೊಡ್ಡದು. ಅವರ ಮೊಮ್ಮಕ್ಕಳ ಕಾಲಕ್ಕೆ ಭೂಮಿ ಮತ್ತೆ ಕೈಸೇರಿತು. 1865ರಲ್ಲಿ ಬಾಸೆಲ್ ಮಿಶನಿನವರು ಹಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಊರಿನಲ್ಲಿ ಹೊಸ ಉದ್ಯಮಗಳು ತಲೆಯೆತ್ತಿದವು. ಹಣದ ಜೊತೆಗೆ ಅಂತಸ್ತಿನ ವಿಚಾರವೂ ಬಂದಿತು.

ಇಂತಹ ಮಂಗಳೂರಿಗೆ 1878ನೇ ದಶಂಬರ 31ರಂದು ಯೇಸುಸಭೆಯ ಗುರುಗಳ ಮೊದಲ ತಂಡವು ಬಂದಿಳಿಯಿತು. ಅವರಲ್ಲಿ ಒಬ್ಬರು ಜರ್ಮನಿಯ ವೆಸ್ಟ್‌ಫಾಲಿಯ ಪ್ರಾಂತದವರಾದ ವಂದನೀಯ ಆಗಸ್ಟಸ್ ಮುಲ್ಲರರು. 1841ರಲ್ಲಿ ಜನಿಸಿದ ಅವರಿಗೆ ಆಗ ಮೂವತ್ತೇಳು ವರ್ಷ ವಯಸ್ಸು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾದಾಗ ಅಲ್ಲಿ ಪಾಠ ಹೇಳುವ ಕೆಲಸ ಅವರದಾಯಿತು. ಅವರ ಬಳಿ ಹೋಮಿಯೋಪತಿ ಔಷಧಗಳ ಒಂದು ಸಣ್ಣ ಪೆಟ್ಟಿಗೆಯಿತ್ತು. ಅದೇ ವರ್ಷ ಕಂಕನಾಡಿಯ ಒಂದು ಆಲದ ಮರದ ಕೆಳಗೆ ಕುಳಿತು ಬಡವರಿಗೆ ಆ ಪೆಟ್ಟಿಗೆಯಿಂದ ಔಷಧ ಕೊಡಲು ತೊಡಗಿದರು. ಧರ್ಮಾರ್ಥ ಔಷಧಾಲಯದ ಮೂಲ ಇದೇ.

ಇಲ್ಲಿಯವರೆಗಿನ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಮುಂದಿನದನ್ನು ನಾವು ಅಷ್ಟಾಗಿ ಗಮನಿಸಿದವರಲ್ಲ. ಬಡವರಿಗೆ ಧರ್ಮಕ್ಕೆ ಕೊಡುವ ಔಷಧಕ್ಕೂ ಯಾರಾದರೊಬ್ಬರು ಬೆಲೆ ತೆರಲೇಬೇಕಷ್ಟೆ? ಮುಲ್ಲರರು ಅದಕ್ಕಾಗಿ ಕೇವಲ ದಾನಿಗಳ ಮನೆಬಾಗಿಲನ್ನು ಕಾಯಲಿಲ್ಲ. ಪರದೇಶದಿಂದ ಔಷಧಗಳನ್ನು ತರಿಸಿ, ಕೊಳ್ಳಬಲ್ಲವರಿಗೆ ಮಾರಿದರು. ಅಂಚೆಯ ಮೂಲಕ ದೂರದೂರದ ಊರುಗಳಿಗೆ ಕಳುಹಿಸಿದರು. ಔಷಧಗಳನ್ನು ಬಳಸುವ ರೀತಿಯನ್ನು ತಿಳಿಸುವ ಪುಸ್ತಕಗಳನ್ನು ಬರೆದರು. ಅಂದರೆ, ಬಡತನದ ವ್ರತ ಕೈಗೊಂಡ ಒಬ್ಬ ಸಂನ್ಯಾಸಿಯು ಕಂಕನಾಡಿಯಲ್ಲಿ ಕುಳಿತು ವ್ಯಾಪಾರ ನಡೆಸಿದರು! ಅದರಿಂದ ಬಂದ ಲಾಭವೆಲ್ಲ ರೋಗಿಗಳ ಸೇವೆಗೆ ಸಂದಿತು.

ಧನವನ್ನು ನಿಂದಿಸುವುದು ನಮ್ಮಂಥ ಪಾದ್ರಿಗಳಿಗೆ ಸುಲಭ. ನಾನೂ ಎಷ್ಟೋ ಆದಿತ್ಯವಾರಗಳಲ್ಲಿ ಆ ಕೆಲಸ ಮಾಡಿದ್ದೇನೆ. ಆದರೆ ಯೇಸುಸಭೆಯ ಸಂಸ್ಥಾಪಕರಾದ ಸಂತ ಇಗ್ನಾಸಿಯವರು ತಮ್ಮವರಿಗೆ ಕಲಿಸಿದ್ದು ಬೇರೆ. ಲೋಕದ ವಸ್ತುಗಳು ದೇವರನ್ನು ಸೇರಲು ಎಷ್ಟು ನೆರವಾಗುವುವೋ ಅಷ್ಟರಮಟ್ಟಿಗೆ ಅವುಗಳನ್ನು ಬಳಸಬೇಕು, ಅಡ್ಡಿಯಾದರೆ ಬಿಡಬೇಕು ಎಂಬುದು ಅವರ ಬೋಧೆಯ ಸಾರ. ಮುಲ್ಲರರ ಲೆಕ್ಕಪುಸ್ತಕದಲ್ಲಿ ಈ ಬೋಧೆ ಅಂಕಿಗಳ ರೂಪ ತಾಳಿತ್ತೆಂದು ನಾನು ತಿಳಿಯುತ್ತೇನೆ. ಹಣ ಬಂದಿತು, ಅವರ ಕೈ ದಾಟಿ ಹೋಯಿತು, ಅಂಗೈಗೆ ಅಂಟಲಿಲ್ಲ. ಚಿನ್ನವನ್ನು ಮುಟ್ಟದಿರುವುದಕ್ಕಿಂತ ಇದು ಕಠಿಣವಾದ ತಪಸ್ಸು.

ಆ ಹಣ ಎಲ್ಲಿಗೆ ಹೋಯಿತು? 1890ರಲ್ಲಿ ಕುಷ್ಠರೋಗಿಗಳ ಆಶ್ರಮವಾಯಿತು. ಮೊಲೊಕಾಯಿ ದ್ವೀಪದಲ್ಲಿ ಕುಷ್ಠರೋಗಿಗಳ ಸೇವೆಮಾಡುತ್ತಾ ತಾವೂ ಅದೇ ರೋಗಕ್ಕೆ ತುತ್ತಾದ ಫಾದರ್ ದಾಮಿಯನರು ತೀರಿಕೊಂಡದ್ದು ಅದರ ಹಿಂದಿನ ವರ್ಷವಷ್ಟೇ. ಆಗ ಈ ರೋಗಕ್ಕೆ ಮದ್ದಿರಲಿಲ್ಲ. ರೋಗಿಯನ್ನು ಮನೆಯವರೇ ಹೊರಹಾಕುತ್ತಿದ್ದರು. ಗುಣವಾಗಲಾರದವರಿಗೆ ಹಣ ಸುರಿಯುವುದು ಲೋಕದ ದೃಷ್ಟಿಯಲ್ಲಿ ಶುದ್ಧ ನಷ್ಟ. 1895ರಲ್ಲಿ ಆಸ್ಪತ್ರೆಯಾಯಿತು. 1902ರಲ್ಲಿ ಪ್ಲೇಗು ಊರಿಗೆ ಬಂದು, ಸಾಧ್ಯವಿದ್ದವರು ಮನೆ ಬಿಟ್ಟು ಓಡುತ್ತಿದ್ದಾಗ, ಪ್ಲೇಗಿನ ರೋಗಿಗಳಿಗೂ ಪ್ರತ್ಯೇಕ ಆಸ್ಪತ್ರೆ ತೆರೆಯಿತು. ಸರಕಾರವು 1907ರಲ್ಲಿ ಅವರಿಗೆ ಕೈಸರ್-ಇ-ಹಿಂದ್ ಪದಕವನ್ನು ನೀಡಿ ಗೌರವಿಸಿತು. 1910ನೇ ನವಂಬರ 1ರಂದು, ಸಕಲ ಸಂತರ ಹಬ್ಬದ ದಿನ, ಅವರು ದೈವಾಧೀನರಾದರು.

ಎಂಬತ್ತರ ದಶಕದಲ್ಲಿ ನಾನು ಜೆಪ್ಪು ಸೆಮಿನರಿಯಲ್ಲಿ ಓದುತ್ತಿದ್ದಾಗ ಕುಷ್ಠರೋಗಿಗಳನ್ನು ಭೇಟಿಮಾಡಲು ನಮ್ಮನ್ನು ಕಳುಹಿಸುವುದಿತ್ತು. ಮನಸ್ಸಿನಲ್ಲಿ ಅಳುಕಿತ್ತೆಂದು ಒಪ್ಪಿಕೊಳ್ಳುತ್ತೇನೆ. ಒಂದು ದಿನ ಒಬ್ಬ ವೃದ್ಧೆ, ಬೆರಳುಗಳಿಲ್ಲದ ಕೈಗಳಿಂದ, ಸೆರಗಿನ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ ಎರಡು ರೂಪಾಯಿ ತೆಗೆದು ನನ್ನ ಮುಂದೆ ಚಾಚಿದಳು. ಶುದ್ಧೀಕರ ಸ್ಥಳದಲ್ಲಿರುವ ಆತ್ಮಗಳಿಗಾಗಿ, ಅದರಲ್ಲೂ ಯಾರೂ ನೆನಸದವರಿಗಾಗಿ, ಒಂದು ಪೂಜೆ ಮಾಡಿಸಬೇಕಂತೆ. ನಾನಿನ್ನೂ ಗುರುದೀಕ್ಷೆ ಪಡೆದಿಲ್ಲ, ಈ ಹಣವನ್ನು ನಿಮಗೇ ಇಟ್ಟುಕೊಳ್ಳಿರಿ ಎಂದೆ. 'ನನಗೆ ಇಲ್ಲಿ ಊಟ ಕೊಡುತ್ತಾರೆ ಬಾಬಾ, ಅವರಿಗೆ ಯಾರಿದ್ದಾರೆ?' ಎಂದಳು. ಸೆಮಿನರಿಗೆ ಮರಳುವವರೆಗೂ ಆ ನಾಣ್ಯಗಳನ್ನು ಮುಷ್ಟಿಯಲ್ಲಿಯೇ ಹಿಡಿದುಕೊಂಡಿದ್ದು, ಹಿರಿಯ ಗುರುಗಳೊಬ್ಬರಿಗೆ ಒಪ್ಪಿಸಿದೆನು. ಅವರು ಏನೂ ಹೇಳದೆ ಪೂಜೆಗಳ ಪುಸ್ತಕವನ್ನು ತೆರೆದು ಬರೆದುಕೊಂಡರು.

ಇಂದಿನ ನಂತೂರು ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಸ್ಥಳ. ಭೂಮಿಯನ್ನು ಈಗ ಸೆಂಟ್ಸಿನ ಲೆಕ್ಕದಲ್ಲಿ ಅಳೆಯುತ್ತೇವೆ, ಲಕ್ಷಗಳ ಲೆಕ್ಕದಲ್ಲಿ ಮಾತನಾಡುತ್ತೇವೆ. ಹಿಂದೆ ನಾನು ಸೇವೆಗೈದ ಒಂದು ಧರ್ಮಕೇಂದ್ರದಲ್ಲಿ, ರಸ್ತೆಗೆ ಹೋದ ಜಾಗದ ಪರಿಹಾರಧನಕ್ಕಾಗಿ ಜಗಳವಾಡಿದ ಅಣ್ಣತಮ್ಮಂದಿರಿಬ್ಬರು ತಾಯಿಯ ಶವವನ್ನು ಒಂದೇ ಪಕ್ಕದಲ್ಲಿ ನಿಂತು ಹೊರಲು ಒಪ್ಪಲಿಲ್ಲ. ಒಬ್ಬನು ಬಲಗಡೆ ಹೆಗಲು ಕೊಟ್ಟನು, ಇನ್ನೊಬ್ಬನು ಎಡಗಡೆ. ಗೋರಿಯ ಬಳಿ ಪ್ರಾರ್ಥನೆ ಹೇಳುವಾಗ ನನ್ನ ಧ್ವನಿ ಕಟ್ಟಿತು. ಜನರು ಅದನ್ನು ದುಃಖವೆಂದು ತಿಳಿದರು.

ನಮ್ಮ ಶತಮಾನೋತ್ಸವ ನಿಧಿಗೆ ನೀವು ಉದಾರವಾಗಿ ಕೊಟ್ಟಿದ್ದೀರಿ. ದೇವರು ನಿಮ್ಮನ್ನು ಆಶೀರ್ವದಿಸಲಿ. ದಾನಿಗಳ ಹೆಸರುಗಳನ್ನು ಅಮೃತಶಿಲೆಯಲ್ಲಿ ಕೆತ್ತಿಸಬೇಕೆಂದೂ, ಮೊತ್ತಕ್ಕೆ ಅನುಸಾರವಾಗಿ ಅಕ್ಷರಗಳ ಗಾತ್ರವಿರಬೇಕೆಂದೂ ಸಮಿತಿಯಲ್ಲಿ ಸಲಹೆ ಬಂದಿದೆ. ಕಲ್ಲಿನ ದರವನ್ನೂ ವಿಚಾರಿಸಿದ್ದಾರೆ. ಆ ಹಣದಿಂದ ನಮ್ಮ ವಾಡೆಗಳಲ್ಲಿ ಹಾಸಿಗೆ ಹಿಡಿದಿರುವ ಬಡರೋಗಿಗಳಿಗೆ ಎಷ್ಟು ತಿಂಗಳ ಔಷಧ ಬಂದೀತೆಂದು ಲೆಕ್ಕ ಹಾಕಿ ತರುವಂತೆ ಗುರ್ಕಾರರಿಗೆ ಹೇಳಿದ್ದೇನೆ. ಮುಂದಿನ ಸಭೆಯಲ್ಲಿ ಎರಡು ಕಾಗದಗಳನ್ನೂ ಮೇಜಿನ ಮೇಲೆ ಇಡಲಾಗುವುದು.