ತೋಟದ ಡೆಕ್‌ಗೆ ಎಲ್‌ಇಡಿ ದೀಪಗಳ ವೈರಿಂಗ್

ಮನೆಯ ಹೊರಗೆ ಮರದ ಹಲಗೆ ಹಾಸಿ ಕಟ್ಟುವ ತೆರೆದ ಜಗಲಿಯೇ ಡೆಕ್. ಮಾಗಡಿ ತಾಲ್ಲೂಕಿನಲ್ಲಿ, ಸಾವನದುರ್ಗ, ಮಂಚನಬೆಲೆ ಕಡೆಯ ತೋಟದ ಮನೆ, ರೆಸಾರ್ಟ್‌ಗಳಿಗೆ ಹೊಂದುವ ಕೆಲಸವಿದು.

ಬೆಸ್ಕಾಂನ 230 ವೋಲ್ಟ್ ಕರೆಂಟನ್ನು ನೇರವಾಗಿ ಹಲಗೆಯಡಿ ಒಯ್ಯಬಾರದು. ಮನೆಯೊಳಗೆ ಡ್ರೈವರ್ ಇಟ್ಟು, 12 ಅಥವಾ 24 ವೋಲ್ಟ್ ಡಿಸಿಗೆ ಇಳಿಸಿ ಮುಂದೆ ಎಳೆಯಬೇಕು. ಡ್ರೈವರ್‌ಗೆ ಹೋಗುವ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಇರಲೇಬೇಕು. ಕರೆಂಟ್ ಸೋರಿಕೆಯಾದ ಕ್ಷಣವೇ ಅದು ಟ್ರಿಪ್ ಆಗಿ ಜೀವ ಉಳಿಸುತ್ತದೆ.

ಎರಡರಲ್ಲಿ 24 ವೋಲ್ಟೇ ಮೇಲು. 60 ವ್ಯಾಟ್ ದೀಪಗಳು 12 ವೋಲ್ಟ್‌ನಲ್ಲಿ 5 ಆಂಪಿಯರ್ ಎಳೆಯುತ್ತವೆ. ಅವು 20 ಮೀಟರ್ ಆಚೆಯಿದ್ದು, 1.5 ಚದರ ಮಿ.ಮೀ. ತಾಮ್ರದ ವೈರ್ ಬಳಸಿದರೆ ದಾರಿಯಲ್ಲೇ ಸುಮಾರು 2.4 ವೋಲ್ಟ್ ಕಳೆದುಹೋಗಿ ದೀಪ ಮಂಕಾಗುತ್ತದೆ. 24 ವೋಲ್ಟ್‌ನಲ್ಲಿ ನಷ್ಟ ಅದರರ್ಧ.

ಕೆಡುವುದು ಹೆಚ್ಚಾಗಿ ದೀಪವಲ್ಲ, ಜಾಯಿಂಟು. ಬರೀ ಟೇಪು ಸುತ್ತಿದ ಜಾಯಿಂಟಿನೊಳಗೆ ಮಳೆಗಾಲದಲ್ಲಿ ನೀರಿಳಿದು ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಜೆಲ್ ತುಂಬಿದ ಕನೆಕ್ಟರ್, ನೀರು ಒಳಹೋಗದ ಐಪಿ67 ದರ್ಜೆಯ ದೀಪ, ಇಲಿ ಕಡಿಯದಂತೆ ಪೈಪು, ಇವುಗಳಲ್ಲಿ ಉಳಿತಾಯ ಬೇಡ. ಹಲಗೆಯೊಂದನ್ನು ಸ್ಕ್ರೂ ಬಿಚ್ಚಿ ತೆಗೆಯುವಂತಿಟ್ಟರೆ ಮುಂದೆ ರಿಪೇರಿ ಸುಲಭ.

ಕಾಡಂಚಿನಲ್ಲಿ ಬಿಳಿ ಬೆಳಕಿಗಿಂತ 2700 ಕೆಲ್ವಿನ್‌ನ ಹಳದಿ ಬೆಳಕು ಒಳ್ಳೆಯದು. ಹುಳುಗಳು ಕಡಿಮೆ ಮುತ್ತುತ್ತವೆ. 230 ವೋಲ್ಟ್ ಭಾಗದ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ.